ವೈಫೈ ಇಂಕ್‌ಟ್ಯಾಂಕ್ ಪ್ರಿಂಟರ್: ಪ್ರಿಂಟಿಗೆ ನಾಲ್ಕು ಸ್ಟಾರ್, ಸೆಟ್ಟಿಂಗ್‌ಗೆ ಒಂದೂವರೆ

ಪ್ರಿಂಟ್ ಬಗ್ಗೆ ಮೊದ್ಲೇ ಹೇಳ್ಬಿಡ್ತೀನಿ, ಚೆನ್ನಾಗಿದೆ. ಕಪ್ಪು ಅಕ್ಷರ ನೀಟಾಗಿ ಬರತ್ತೆ, ಫೋಟೋ ಪರ್ವಾಗಿಲ್ಲ, ಇಂಕ್ ಬಾಟ್ಲಿ ಬೇಗ ಖಾಲಿ ಆಗಲ್ಲ, ಸ್ಕ್ಯಾನ್ ಮಾತ್ರ ಸ್ವಲ್ಪ ನಿಧಾನ. ಹದಿನಾಲ್ಕು ಸಾವಿರದ ಆಸುಪಾಸಲ್ಲಿ ಮೈಸೂರಲ್ಲೇ ಅಂಗಡಿಗೆ ಹೋಗಿ ತಗೊಂಡಿದ್ದು, ಆ ದುಡ್ಡಿಗೆ ಮೋಸ ಇಲ್ಲ. ಇಷ್ಟೇ ತಿಳ್ಕೊಳಕ್ಕೆ ಬಂದಿದ್ರೆ ಇಲ್ಲಿಗೇ ನಿಲ್ಲಿಸಿ, ಪೇಜಿಗೆ ಎಷ್ಟು ಪೈಸೆ ಬೀಳತ್ತೆ ಅನ್ನೋ ಲೆಕ್ಕ ಬೇರೆಯವ್ರು ನನಗಿಂತ ಚೆನ್ನಾಗಿ ಬರ್ದಿದಾರೆ. ನಾನು ಬರೀತಿರೋದು ರಿವ್ಯೂಗಳಲ್ಲಿ ಯಾರೂ ಮುಟ್ಟದ ಜಾಗ, ಅಂದ್ರೆ ಈ ಪ್ರಿಂಟರ್ ಡಬ್ಬದಿಂದ ಆಚೆ ಬಂದಾಗ ಯಾರ್ಯಾರಿಗೆ ಒಳಗೆ ಬರೋಕೆ ಬಿಡತ್ತೆ, ಬಿಡಬಾರದು ಅಂದ್ರೆ ಎಲ್ಲೆಲ್ಲಿ ಏನೇನು ಆಫ್ ಮಾಡ್ಬೇಕು ಅನ್ನೋದು. ಬ್ರಾಂಡ್ ಹೆಸ್ರು ಬೇಕು ಅಂತಲೇ ಹಾಕಿಲ್ಲ, ಅಕ್ಕನ ಮನೇಲಿ ಬೇರೆ ಕಂಪನಿದಿದೆ, ಅದನ್ನೂ ನೋಡ್ದೆ, ಹೆಚ್ಚೂಕಮ್ಮಿ ಅದೇ ಹಾಡು.

ನಾನು ಮನೇಲಿ ಕೂತು ಸಣ್ಣಪುಟ್ಟ ಅಂಗಡಿಯವ್ರಿಗೆ ಜಿಎಸ್‌ಟಿ, ಇನ್‌ಕಂ ಟ್ಯಾಕ್ಸ್ ರಿಟರ್ನ್ಸ್ ಫೈಲ್ ಮಾಡ್ಕೊಡ್ತೀನಿ. ಹಾಗಾಗಿ ಈ ಪ್ರಿಂಟರ್ ಮೇಲೆ ದಿನಾ ಬೀಳೋದು ಪ್ಯಾನ್ ಕಾರ್ಡು, ಆಧಾರು, ಬ್ಯಾಂಕ್ ಸ್ಟೇಟ್‌ಮೆಂಟು, ಫಾರ್ಮ್ 16. ಮಕ್ಕಳ ಪ್ರಾಜೆಕ್ಟಿಗೆ ಹುಲಿ ಚಿತ್ರ ತೆಗ್ಯೋಕೆ ತಗೊಂಡಿದ್ರೆ ಇಷ್ಟೆಲ್ಲ ತಲೆ ಕೆಡಿಸ್ಕೊಳ್ತಿರ್ಲಿಲ್ಲ.

ಇನ್‌ಸ್ಟಾಲೇಶನ್‌ಗೆ ಬಂದ ಹುಡುಗ ಒಳ್ಳೆಯವ್ನೇ. ಇಂಕ್ ತುಂಬಿಸ್ದ, ಒಂದು ತೊಟ್ಟೂ ನೆಲಕ್ಕೆ ಬೀಳಿಸ್ಲಿಲ್ಲ, ಹೆಡ್ ಅಲೈನ್‌ಮೆಂಟ್ ಮಾಡ್ದ, ರೂಟರ್ ಹಿಂದೆ ಇರೋ ಡಬ್ಲ್ಯೂಪಿಎಸ್ ಬಟನ್ (ಪಾಸ್‌ವರ್ಡ್ ಹಾಕದೆ ವೈಫೈಗೆ ಸೇರಿಸೋದು) ಒತ್ತಿ ಒಂದು ನಿಮಿಷದಲ್ಲಿ ವೈಫೈಗೆ ಸೇರಿಸ್ದ, ನನ್ನ ಫೋನಿಗೆ ಆಪ್ ಹಾಕ್ಕೊಟ್ಟ, ಟೆಸ್ಟ್ ಪೇಜ್ ತೆಗ್ದು ತೋರಿಸ್ದ. ಪ್ರಿಂಟರ್ ಸೆಟ್ಟಿಂಗ್ಸ್ ಬದಲಾಯ್ಸೋಕೆ ಕೇಳೋ ಅಡ್ಮಿನ್ ಪಾಸ್‌ವರ್ಡ್ ಎಲ್ಲಿ ಚೇಂಜ್ ಮಾಡೋದಪ್ಪಾ ಅಂತ ಕೇಳಿದ್ದಕ್ಕೆ "ಅದೆಲ್ಲ ಆಫೀಸಿಗೆ ಮೇಡಂ, ಮನೆಗ್ ಬೇಡ" ಅಂದು ಫೀಡ್‌ಬ್ಯಾಕ್ ಓಟಿಪಿ ಇಸ್ಕೊಂಡು ಹೊರಟ. ಅವನ ತಪ್ಪು ಅನ್ನಲ್ಲ, ಅವನಿಗೆ ದಿನಕ್ಕೆ ಇಷ್ಟು ಮನೆ ಮುಗಿಸ್ಬೇಕು ಅಂತ ಇರತ್ತೆ, ಅವನ ಚೆಕ್‌ಲಿಸ್ಟಲ್ಲಿ ಇದು ಇರ್ಲೇ ಇಲ್ಲ. ಇರ್ಬೇಕಿತ್ತು ಅನ್ನೋದು ನನ್ನ ತಕರಾರು.

ಆಮೇಲೆ ಒಂದಿನ ಸಾಯಂಕಾಲ ಯಾರೂ ಏನೂ ಕೊಡದೆ ಪ್ರಿಂಟರ್ ತಾನಾಗೇ ಗರ್ರ್ ಅಂತ ಶುರು ಆಯ್ತು. ನೋಡಿದ್ರೆ ಎರಡು ಪುಟದ ರೆಸ್ಯೂಮೆ, ಬಿಇ ಮೆಕ್ಯಾನಿಕಲ್, ಹಾಬೀಸ್ ಅಂತ ಕಡೇಲಿ ಕ್ರಿಕೆಟ್ ಮತ್ತು ಟ್ರೆಕಿಂಗ್. ನಮ್ಮನೇಲಿ ಯಾರೂ ಮೆಕ್ಯಾನಿಕಲ್ ಓದಿಲ್ಲ. ಸ್ವಲ್ಪ ಹೊತ್ತಿಗೆ ಬೆಲ್ ಆಯ್ತು, ಪಕ್ಕದ ಬಿಲ್ಡಿಂಗ್ ಪೀಜಿ ಹುಡುಗ, "ಆಂಟಿ, ಸಾರಿ ಆಂಟಿ, ಫ್ರೆಂಡ್ ರೂಮಿನ ಪ್ರಿಂಟರ್ ಅಂದ್ಕೊಂಡು ಕೊಟ್ಬಿಟ್ಟೆ, ನಿಮ್ಮನೇಲೇನಾದ್ರೂ ಬಂತಾ" ಅಂದ. ಬಂದಿದೆ ತಗೋಪ್ಪಾ, ಒಳ್ಳೇದಾಗ್ಲಿ ಅಂತ ಕೊಟ್ಟು ಕಳಿಸ್ದೆ. ಪಾಪ ಅವನಿಗೆ ನಮ್ಮನೆ ವೈಫೈ ಪಾಸ್‌ವರ್ಡ್ ಗೊತ್ತಿರೋ ಚಾನ್ಸೇ ಇಲ್ಲ. ಹಾಗಿದ್ರೆ ಹೇಗೆ ಬಂತು?

ವೈಫೈ ಡೈರೆಕ್ಟ್. ಈ ಪ್ರಿಂಟರ್ ನಮ್ಮನೆ ವೈಫೈಗೆ ಸೇರ್ಕೊಂಡಿರೋದಲ್ದೆ ತನ್ನದೇ ಇನ್ನೊಂದು ಪುಟ್ಟ ವೈಫೈನೂ ಹರಡ್ತಾ ಇರತ್ತೆ, ಫೋನಲ್ಲಿ ವೈಫೈ ಲಿಸ್ಟ್ ತೆಗೆದ್ರೆ ಡೈರೆಕ್ಟ್ ಅಂತ ಶುರುವಾಗಿ ಮಾಡೆಲ್ ಹೆಸ್ರು ಸೇರಿರೋ ಒಂದು ಉದ್ದ ಹೆಸ್ರು ಕಾಣ್ಸತ್ತೆ ನೋಡಿ, ಅದೇ. ರೂಟರ್ ಇಲ್ದೋರಿಗೆ ಅನುಕೂಲ ಆಗ್ಲಿ ಅಂತ ಮಾಡಿರೋದು. ರೂಟರ್ ಇರೋ ಮನೇಲಿ ಇದು ಮುಂಬಾಗಿಲಿಗೆ ಎರಡು ಬೀಗ ಜಡಿದು ಹಿತ್ಲ ಬಾಗಿಲು ತೆರೆದಿಟ್ಟ ಹಾಗೆ. ನಂದ್ರಲ್ಲಿ ಕನೆಕ್ಷನ್ ವಿಧಾನ ಆಟೋಮ್ಯಾಟಿಕ್ ಅಂತ ಇತ್ತು, ಅಂದ್ರೆ ಅಕ್ಕಪಕ್ಕದ ಫೋನ್ ಬಂದು ಕೇಳಿದ್ರೆ ಪ್ರಿಂಟರ್ ಯಾರನ್ನೂ ಕೇಳದೆ ಬಾರಪ್ಪಾ ಅನ್ನತ್ತೆ. ಮ್ಯಾನ್ಯುಯಲ್ ಅಂತ ಇಟ್ರೆ ಪ್ರಿಂಟರ್ ಹತ್ರ ಹೋಗಿ ಬಟನ್ ಒತ್ತಿ ಒಪ್ಪಿಗೆ ಕೊಡ್ಬೇಕು. ಪೂರ್ತಿ ಆಫ್ ಮಾಡಿದ್ರೆ ಇನ್ನೂ ವಾಸಿ, ನಾನು ಅದನ್ನೇ ಮಾಡಿರೋದು, ಇವತ್ತಿನವರೆಗೂ ಅದು ಬೇಕಿತ್ತು ಅನ್ನಿಸಿಲ್ಲ. ಕೆಲವು ಮಾಡೆಲ್‌ಗಳಲ್ಲಿ ವೈಫೈ ಡೈರೆಕ್ಟ್ ಪಾಸ್‌ವರ್ಡ್ ಫ್ಯಾಕ್ಟರಿಯಿಂದಲೇ 12345678 ಅಂತ ಬರ್ತಿತ್ತು, ಇಟ್ಕೊಳ್ಳೋರು ಅದನ್ನಾದ್ರೂ ಬದ್ಲಾಯ್ಸಿ.

ರೆಸ್ಯೂಮೆ ಬಂದಿದ್ದಕ್ಕೆ ನಂಗೇನೂ ನಷ್ಟ ಆಗಿಲ್ಲ, ಎರಡು ಹಾಳೆ ಹೋಯ್ತು ಅಷ್ಟೆ. ತಲೆ ಕೆಟ್ಟಿದ್ದು ಸ್ಕ್ಯಾನರ್ ವಿಷ್ಯಕ್ಕೆ. ಗ್ಲಾಸ್ ಮೇಲೆ ಒಂದು ಹಳೇ ಕರೆಂಟ್ ಬಿಲ್ ಇಟ್ಟು ಮುಚ್ಚಿ, ಈ ಪ್ರಿಂಟರ್ ಆಪೇ ಇಲ್ದಿರೋ ಮಗಳ ಫೋನ್ ತಗೊಂಡು, ಬೇರೆ ಯಾವ್ದೋ ಸಾಮಾನ್ಯ ಸ್ಕ್ಯಾನ್ ಆಪ್ ಹಾಕಿ ಪಕ್ಕದ ರೂಮಲ್ಲಿ ಕೂತು ಸ್ಕ್ಯಾನ್ ಒತ್ತಿದೆ. ಪಾಸ್‌ವರ್ಡ್ ಕೇಳ್ಲಿಲ್ಲ, ಯಾರು ನೀನು ಅಂತಾನೂ ಕೇಳ್ಲಿಲ್ಲ, ಕರೆಂಟ್ ಬಿಲ್ ಆರ್‌ಆರ್ ನಂಬರ್ ಸಮೇತ ಅವಳ ಫೋನಿಗೆ ಬಂತು. ಅಂದ್ರೆ ಪ್ರಿಂಟರ್‌ಗೆ ಕನೆಕ್ಟ್ ಆದವ್ರು ಯಾರೇ ಆಗ್ಲಿ, ಕ್ಲೈಂಟಿನ ಆಧಾರ್ ನಾನು ಗ್ಲಾಸ್ ಮೇಲೇ ಬಿಟ್ಟು ಕಾಫಿ ಕುಡಿಯೋಕೆ ಹೋಗಿದ್ರೆ ಅದನ್ನ ತಗೊಂಡ್ಬಿಡ್ಬಹುದು. ಇದು ಕೆಟ್ಟೋಗಿರೋದಲ್ಲ, ಹಾಗೇ ಡಿಸೈನ್ ಮಾಡಿರೋದು, ಮನೆ ನೆಟ್‌ವರ್ಕ್ ಒಳಗೆ ಇರೋರೆಲ್ಲ ನಮ್ಮೋರೇ ಅನ್ನೋ ನಂಬಿಕೆ ಮೇಲೆ. ನಮ್ಮಲ್ಲಿ ಮಹಡಿ ಮೇಲಿನ ಬಾಡಿಗೆಯವ್ರಿಗೂ, ಬಂದ ನೆಂಟ್ರಿಗೂ, ಕಡೆಗೆ ಕೇಬಲ್ ರಿಪೇರಿಯವ್ನಿಗೂ ಅದೇ ಪಾಸ್‌ವರ್ಡ್ ಕೊಟ್ಟಿರ್ತೀವಲ್ಲ.

ಸರಿ, ಸೆಟ್ಟಿಂಗ್ಸ್‌ಗೆ ಬರೋಣ. ಆಪಲ್ಲಿ ಹುಡ್ಕೋಕೆ ಹೋಗ್ಬೇಡಿ, ಅಲ್ಲಿ ಇಂಕ್ ಕೊಳ್ಳಿ ಅನ್ನೋ ಬಟನ್ ಇಷ್ಟು ದಪ್ಪ ಇದೆ, ಸೆಕ್ಯುರಿಟಿ ಅನ್ನೋ ಪದ ಎಲ್ಲೂ ಸಿಗ್ಲಿಲ್ಲ. ಪ್ರಿಂಟರ್ ಮೇಲಿರೋ ಸ್ಟೇಟಸ್ ಬಟನ್ ಒತ್ತಿ ಹಿಡಿದ್ರೆ ಒಂದು ನೆಟ್‌ವರ್ಕ್ ಶೀಟ್ ಬರತ್ತೆ, ಅದ್ರಲ್ಲಿ ಐಪಿ ಅಡ್ರೆಸ್ ಇರತ್ತೆ, ನಂದು 192.168.1.12, ಅದನ್ನ ಲ್ಯಾಪ್‌ಟಾಪ್ ಬ್ರೌಸರ್‌ನಲ್ಲಿ ಹಾಕಿದ್ರೆ ಪ್ರಿಂಟರ್‌ದೇ ಒಂದು ವೆಬ್‌ಪೇಜ್ ತೆರ್ಕೊಳತ್ತೆ. ಮೊದ್ಲು ಕ್ರೋಮ್ ಕೆಂಪಗೆ ಎಚ್ಚರಿಕೆ ತೋರಿಸಿ ಹೆದರ್ಸತ್ತೆ, ಪ್ರಿಂಟರ್ ತನ್ನ ಸರ್ಟಿಫಿಕೇಟ್‌ಗೆ (ವೆಬ್‌ಪೇಜಿನ ಗುರುತಿನ ಚೀಟಿ) ತಾನೇ ಸೈನ್ ಹಾಕ್ಕೊಂಡಿರೋದ್ರಿಂದ ಹಾಗೆ, ಅದು ನಿಮ್ಮದೇ ಪ್ರಿಂಟರ್ ಅಡ್ರೆಸ್ ಅಂತ ಖಾತ್ರಿ ಮಾಡ್ಕೊಂಡು ಅಡ್ವಾನ್ಸ್ಡ್ ಒತ್ತಿ ಮುಂದೆ ಹೋಗಿ. ಅಂದಹಾಗೆ ಆ ಶೀಟಲ್ಲಿ ವೈಫೈ ಡೈರೆಕ್ಟ್ ಪಾಸ್‌ವರ್ಡ್ ಕೂಡ ರಾಜಾರೋಷವಾಗಿ ಪ್ರಿಂಟ್ ಆಗಿರತ್ತೆ, ಕೆಲಸ ಮುಗಿದ್ಮೇಲೆ ಹರಿದು ಹಾಕಿ, ಇನ್‌ಸ್ಟಾಲೇಶನ್ ಹುಡುಗ ನಮ್ಮನೇಲಿ ಅದನ್ನ ಪ್ರಿಂಟರ್ ಪಕ್ಕದ ಗೋಡೆಗೆ ಸೆಲ್ಲೋಟೇಪಲ್ಲಿ ಅಂಟಿಸಿ ಹೋಗಿದ್ದ.

ಆ ಪೇಜ್ ತೆಗೆದ್ರೆ ಮೊದಲ ಕೆಲಸ ಅಡ್ಮಿನ್ ಪಾಸ್‌ವರ್ಡ್. ಈಗಿನ ಬಹಳಷ್ಟು ಮಾಡೆಲ್‌ಗಳಲ್ಲಿ ಫ್ಯಾಕ್ಟರಿ ಪಾಸ್‌ವರ್ಡ್ ಸೀರಿಯಲ್ ನಂಬರೇ ಆಗಿರತ್ತೆ ಇಲ್ಲಾ ಹಿಂದೆ ಸ್ಟಿಕ್ಕರ್ ಮೇಲೆ ಬರೆದಿರತ್ತೆ, ಪರ್ವಾಗಿಲ್ಲ ಬಿಡು ಅನ್ನೋ ಹಾಗಿಲ್ಲ. 2025ರ ಜೂನ್‌ನಲ್ಲಿ ರ‍್ಯಾಪಿಡ್7 ಅನ್ನೋ ಸೆಕ್ಯುರಿಟಿ ಕಂಪನಿ ಬ್ರದರ್‌ನ 689 ಮಾಡೆಲ್‌ಗಳ ಬಗ್ಗೆ ಒಂದು ರಿಪೋರ್ಟ್ ಬಿಟ್ರು, ಬೇರೆ ನಾಲ್ಕು ಕಂಪನಿಗಳ ಒಂದಷ್ಟು ಮಾಡೆಲ್‌ಗಳೂ ಅದ್ರಲ್ಲಿ ಇದ್ವು. ಫ್ಯಾಕ್ಟರಿ ಪಾಸ್‌ವರ್ಡನ್ನ ಸೀರಿಯಲ್ ನಂಬರಿಂದಲೇ ಒಂದು ಲೆಕ್ಕ ಹಾಕಿ ತಯಾರು ಮಾಡ್ತಿದ್ರು, ಸೀರಿಯಲ್ ನಂಬರ್ ಸಿಕ್ರೆ ಪಾಸ್‌ವರ್ಡೂ ಸಿಕ್ಕ ಹಾಗೇ, ಮತ್ತೆ ಸೀರಿಯಲ್ ನಂಬರನ್ನ ಪ್ರಿಂಟರೇ ಕೇಳಿದವ್ರಿಗೆ ಹೇಳ್ಬಿಡ್ತಿತ್ತು. ಆಗ್ಲೇ ತಯಾರಾಗಿ ಮಾರಾಟ ಆಗಿರೋ ಪ್ರಿಂಟರ್‌ಗಳಲ್ಲಿ ಇದನ್ನ ಫರ್ಮ್‌ವೇರ್ (ಪ್ರಿಂಟರ್ ಒಳಗಿರೋ ಸಾಫ್ಟ್‌ವೇರ್) ಅಪ್‌ಡೇಟಿಂದ ಪೂರ್ತಿ ಸರಿ ಮಾಡೋಕಾಗಲ್ಲ, ಪಾಸ್‌ವರ್ಡ್ ಬದಲಾಯ್ಸಿ ಅಂತ ಕಂಪನಿನೇ ಹೇಳ್ತು. ಹಾಗಾಗಿ ಯಾವ ಬ್ರಾಂಡೇ ಆಗ್ಲಿ, ಸ್ಟಿಕ್ಕರ್ ಪಾಸ್‌ವರ್ಡ್ ಇಟ್ಕೋಬೇಡಿ. ಆದ್ರೆ ಇನ್ನೊಂದು ತಿಳ್ಕೊಳಿ, ಅಡ್ಮಿನ್ ಪಾಸ್‌ವರ್ಡ್ ಕಾಯೋದು ಸೆಟ್ಟಿಂಗ್ಸನ್ನ ಮಾತ್ರ, ಪ್ರಿಂಟ್ ಕೊಡೋದು, ಮೇಲೆ ಹೇಳಿದ ಸ್ಕ್ಯಾನ್ ಎಳ್ಕೊಳ್ಳೋದು ಇದ್ಯಾವ್ದನ್ನೂ ಅದು ತಡೆಯಲ್ಲ. ಪಾಸ್‌ವರ್ಡ್ ಹಾಕಾಯ್ತು ಸೇಫ್ ಅಂತ ವಿಡಿಯೋಗಳಲ್ಲಿ ಹೇಳ್ತಾರಲ್ಲ, ಅದು ಅರ್ಧ ಸತ್ಯ.

ಮುಂದೆ ಪ್ರೋಟೋಕಾಲ್ಸ್ ಅಂತ ಒಂದು ಪುಟ, ಅಂದ್ರೆ ಫೋನು, ಕಂಪ್ಯೂಟರು ಪ್ರಿಂಟರ್ ಜೊತೆ ಮಾತಾಡೋ ಬೇರೆ ಬೇರೆ ಭಾಷೆಗಳ ಪಟ್ಟಿ. ಇಲ್ಲಿ ಏನ್ ನೋಡಿದ್ರೂ ಆನ್ ಇರತ್ತೆ, ಎಲ್‌ಪಿಡಿ, ಡಬ್ಲ್ಯೂಎಸ್‌ಡಿ, ಎಸ್‌ಎನ್‌ಎಂಪಿ, ಬಾನ್‌ಜೋರ್, ಐಪಿಪಿ, 9100 ಪೋರ್ಟು (ಪೋರ್ಟ್ ಅಂದ್ರೆ ನೆಟ್‌ವರ್ಕಿಂದ ಒಳಗೆ ಬರೋಕೆ ಇರೋ ನಂಬರ್ ಹಾಕಿದ ಬಾಗಿಲು), ಮದುವೆ ಊಟದ ಮೆನು ಇದ್ದಂಗಿದೆ. ಮನೆಗೆ ಬೇಕಾಗೋದು ಐಪಿಪಿ ಮತ್ತೆ ಬಾನ್‌ಜೋರ್, ಫೋನು ಐಪ್ಯಾಡಲ್ಲಿ ಪ್ರಿಂಟರ್ ತಾನಾಗೇ ಕಾಣ್ಸೋದು ಅವುಗಳಿಂದ. ಎಲ್‌ಪಿಡಿ, ಡಬ್ಲ್ಯೂಎಸ್‌ಡಿ ಆಫ್ ಮಾಡ್ದೆ, ಯಾವ ತೊಂದ್ರೆನೂ ಆಗ್ಲಿಲ್ಲ. ಎಸ್‌ಎನ್‌ಎಂಪಿ ಆಫ್ ಮಾಡಿದ ತಕ್ಷಣ ನನ್ನ ವಿಂಡೋಸ್ ಲ್ಯಾಪ್‌ಟಾಪಲ್ಲಿ ಪ್ರಿಂಟರ್ ಆಫ್‌ಲೈನ್ ಅಂತ ಬೂದು ಬಣ್ಣಕ್ಕೆ ತಿರುಗ್ತು, ಫೋನಿಂದ ಕೊಟ್ರೆ ಪ್ರಿಂಟ್ ಬರ್ತಿದೆ, ಲ್ಯಾಪ್‌ಟಾಪ್ ಮಾತ್ರ ಇಲ್ಲ ಇಲ್ಲ ಅಂತಿದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಡ್ರೈವರ್ ತೆಗ್ದು ಮತ್ತೆ ಹಾಕಿ ಅಂದ್ರು, ಅವ್ರು ಎಲ್ಲದಕ್ಕೂ ಅದನ್ನೇ ಹೇಳೋದು. ಅಸಲಿ ಕಾರಣ ಏನಂದ್ರೆ ಪ್ರಿಂಟರ್ ಬದುಕಿದೆಯಾ ಅಂತ ವಿಂಡೋಸ್ ಎಸ್‌ಎನ್‌ಎಂಪಿಯಲ್ಲಿ ಕೇಳತ್ತೆ, ಉತ್ತರ ಬರ್ದಿದ್ರೆ ಆಫ್‌ಲೈನ್ ಅಂತ ತೀರ್ಮಾನ ಮಾಡತ್ತೆ. ಪ್ರಿಂಟರ್ ಪ್ರಾಪರ್ಟೀಸ್‌ಗೆ ಹೋಗಿ, ಪೋರ್ಟ್ಸ್, ಕಾನ್ಫಿಗರ್ ಪೋರ್ಟ್, ಅಲ್ಲಿ ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್ ಅನ್ನೋ ಟಿಕ್ ತೆಗ್ದೆ, ಸರಿಹೋಯ್ತು. ಇದೊಂದು ಸಾಲಿಗೋಸ್ಕರ ನಾನು ಒಂದಿಡೀ ಭಾನುವಾರ ಕಳ್ಕೊಂಡೆ, ನೀವು ಕಳ್ಕೋಬೇಡಿ.

9100 ನಾನು ಆನ್ ಬಿಟ್ಟಿದೀನಿ, ಹಳೇ ಲ್ಯಾಪ್‌ಟಾಪಿನ ಬಿಲ್ಲಿಂಗ್ ಸಾಫ್ಟ್‌ವೇರ್ ಅದ್ರ ಮೂಲಕವೇ ಪ್ರಿಂಟ್ ಕಳ್ಸೋದು. ಇದಕ್ಕೆ ಸ್ವಲ್ಪ ಹೆಸರು ಕೆಟ್ಟಿದೆ. ಈ ಪೋರ್ಟಿಗೆ ಏನು ಬಂದ್ರೂ ಪ್ರಿಂಟರ್ ಪ್ರಶ್ನೆ ಕೇಳದೆ ಹಾಳೆ ಮೇಲೆ ಹಾಕತ್ತೆ. 2017ರ ಫೆಬ್ರವರಿಯಲ್ಲಿ ಒಬ್ಬ ಲಕ್ಷದ ಮೇಲೆ ಪ್ರಿಂಟರ್‌ಗಳಲ್ಲಿ ರೋಬೋ ಚಿತ್ರ ಮತ್ತೆ ನಿಮ್ಮ ಪ್ರಿಂಟರ್ ನನ್ನ ಕೈಲಿದೆ, ಪೋರ್ಟ್ ಮುಚ್ಕೊಳಿ ಅನ್ನೋ ಥರದ ಸಂದೇಶ ಪ್ರಿಂಟ್ ಮಾಡಿಸ್ದ. 2018ರ ನವೆಂಬರ್‌ನಲ್ಲಿ ಇನ್ನೊಬ್ಬ ಸುಮಾರು 50,000 ಪ್ರಿಂಟರ್‌ಗಳಿಗೆ ಪ್ಯೂಡೈಪೈ ಅನ್ನೋ ಯೂಟ್ಯೂಬರ್ ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ ಅಂತ ಕಳ್ಸಿದ, ನಮ್ಮ ಟಿ-ಸೀರೀಸ್ ಜೊತೆ ಆ ಯೂಟ್ಯೂಬರ್‌ಗೆ ಪೈಪೋಟಿ ನಡೀತಿತ್ತಲ್ಲ ಆಗ. ಇಬ್ರೂ ದೊಡ್ಡ ಹ್ಯಾಕಿಂಗ್ ಏನೂ ಮಾಡಿರ್ಲಿಲ್ಲ, ಇಂಟರ್ನೆಟ್‌ಗೆ ನೇರವಾಗಿ ತೆರ್ಕೊಂಡು ಕೂತಿದ್ದ ಪ್ರಿಂಟರ್‌ಗಳ ಪಟ್ಟಿ ಹುಡುಕಿ ಕಳ್ಸಿದ್ರು ಅಷ್ಟೆ. ಅಂದ್ರೆ ವಿಷ್ಯ ಇರೋದು 9100 ಆನಾ ಆಫಾ ಅನ್ನೋದಕ್ಕಿಂತ ಅದು ಮನೆ ಹೊರಗಿಂದ ಕಾಣತ್ತಾ ಅನ್ನೋದ್ರಲ್ಲಿ.

ಕಾಣತ್ತಾ ಅಂತ ನೋಡೋದು ರೂಟರ್‌ನಲ್ಲಿ. ನಮ್ಮ ಕಡೆ ಬಹಳಷ್ಟು ಮನೆ ಕನೆಕ್ಷನ್‌ಗಳಲ್ಲಿ ಒಂದೇ ಪಬ್ಲಿಕ್ ಐಪಿನ (ಇಂಟರ್ನೆಟ್‌ಗೆ ಕಾಣೋ ಅಡ್ರೆಸ್) ಹಲವಾರು ಮನೆಗೆ ಹಂಚಿರ್ತಾರೆ, ರೂಟರ್ ಪೇಜಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೂಟರ್‌ಗೆ ಕೊಟ್ಟಿರೋ ಅಡ್ರೆಸ್) 100.64ರಿಂದ 100.127ರ ಒಳಗೆ ಶುರುವಾಗಿದ್ರೆ ನಿಮ್ದೂ ಹಾಗೇ. ಹಾಗಿದ್ರೆ ಹೊರಗಿನೋರು ಆ ದಾರೀಲಿ ನಿಮ್ಮ ಪ್ರಿಂಟರ್ ತನಕ ಬರೋದು ಆಗದ ಮಾತು. ಸಿಸಿಟಿವಿಗೆ ಅಂತ ಸ್ಟಾಟಿಕ್ ಐಪಿ, ಅಂದ್ರೆ ಬದಲಾಗದ ಸ್ವಂತ ಪಬ್ಲಿಕ್ ಐಪಿ, ತಗೊಂಡಿರೋರು ಹುಷಾರು, ಕ್ಯಾಮೆರಾ ಹಾಕಿದವ್ನು ಪೋರ್ಟ್ ಫಾರ್ವರ್ಡಿಂಗ್ ಲಿಸ್ಟಲ್ಲಿ (ಹೊರಗಿಂದ ಬಂದಿದ್ದನ್ನ ಮನೆ ಒಳಗಿನ ಡಿವೈಸ್‌ಗೆ ದಾಟಿಸೋ ಪಟ್ಟಿ) ಏನೇನು ತೆಗೆದಿಟ್ಟು ಹೋಗಿದಾನೆ ಅಂತ ಒಂದ್ಸಲ ನೋಡಿ, ಡಿಎಂಜೆಡ್ ಅನ್ನೋದು (ಹೊರಗಿಂದ ಬರೋದನ್ನೆಲ್ಲ ಒಂದು ಡಿವೈಸ್‌ಗೆ ಬಿಟ್ಬಿಡೋ ಸೆಟ್ಟಿಂಗ್) ಆನ್ ಇದ್ರೆ ಯಾಕೆ ಅಂತ ಕೇಳಿ. ಯುಪಿಎನ್‌ಪಿ ಆಫ್ ಮಾಡಿ, ಅದು ಆನ್ ಇದ್ರೆ ಮನೆ ಒಳಗಿನ ಯಾವ ಡಿವೈಸ್ ಬೇಕಾದ್ರೂ ರೂಟರ್‌ಗೆ ಹೇಳಿ ತನಗೆ ಬೇಕಾದ ಪೋರ್ಟ್ ತೆಗಿಸ್ಕೋಬಹುದು. ಐಪಿವಿ6 (ಹೊಸ ಥರದ ಐಪಿ ಅಡ್ರೆಸ್) ಇರೋ ಕನೆಕ್ಷನ್ ಆದ್ರೆ ಫೈರ್‌ವಾಲ್ ಆನ್ ಇದೆಯಾ ನೋಡಿ, ಅಲ್ಲಿ ಒಂದೊಂದು ಡಿವೈಸ್‌ಗೂ ಅದರದೇ ಪಬ್ಲಿಕ್ ಅಡ್ರೆಸ್ ಸಿಗತ್ತೆ, ಮಧ್ಯೆ ಅಡ್ಡ ನಿಲ್ಲೋದು ಫೈರ್‌ವಾಲ್ ಒಂದೇ. ಡಬ್ಲ್ಯೂಪಿಎಸ್‌ನೂ ನಾನು ತೆಗ್ದೆ. ಬಟನ್ ಒತ್ತೋ ಪದ್ಧತಿ ಅಷ್ಟು ಅಪಾಯ ಅಲ್ಲ, ಪಿನ್ ಪದ್ಧತಿ ಅಪಾಯ, ಎಂಟಂಕಿ ಪಿನ್ ಆದ್ರೂ ಅದನ್ನ ಎರಡು ಭಾಗ ಮಾಡಿ ಚೆಕ್ ಮಾಡೋದ್ರಿಂದ 11,000 ಸಲ ಪ್ರಯತ್ನ ಮಾಡಿದ್ರೆ ಸಾಕು ಅಂತ 2011ರಲ್ಲೇ ತೋರಿಸ್ಕೊಟ್ಟಿದಾರೆ.

ನನ್ನ ಲೆಕ್ಕದಲ್ಲಿ ಮನೆ ಪ್ರಿಂಟರ್‌ಗೆ ರಷ್ಯಾ ಹ್ಯಾಕರ್‌ಗಿಂತ ಪಕ್ಕದ ಗೋಡೆ ಆಚೆಯವ್ರದೇ ಜಾಸ್ತಿ ಸಾಧ್ಯತೆ, ಅದೂ ಹೆಚ್ಚಿನ ಸಲ ಕೈತಪ್ಪಿಂದ, ಆ ಮೆಕ್ಯಾನಿಕಲ್ ಹುಡುಗನ ಹಾಗೆ. ಆದ್ರೆ ಸೈಟುಗಳಲ್ಲಿ ಎಲ್ಲಾ ಉಲ್ಟಾ ಕ್ರಮದಲ್ಲಿ ಹೇಳ್ತಾರೆ, ಮೊದಲು ಹ್ಯಾಕರ್ ಹೆದರಿಕೆ, ಕಡೇಗೆ ಎಲ್ಲೋ ಒಂದು ಸಾಲು ವೈಫೈ ಡೈರೆಕ್ಟ್.

ಪ್ರಿಂಟರ್‌ನ ಗೆಸ್ಟ್ ವೈಫೈಗೆ ಹಾಕ್ಬಿಡಿ ಅಂತ ಒಂದು ಸಲಹೆ ಎಲ್ಲಾ ಕಡೆ ಸಿಗತ್ತೆ. ಮಾಡಿ ನೋಡ್ದೆ, ಕೆಲ್ಸಕ್ಕೆ ಬರಲ್ಲ, ಗೆಸ್ಟ್‌ನಲ್ಲಿರೋ ಡಿವೈಸ್‌ಗಳು ಒಂದಕ್ಕೊಂದು ಕಾಣಬಾರದು ಅಂತಲೇ ರೂಟರ್ ತಡೆಯತ್ತೆ, ಆಮೇಲೆ ನಮ್ಮ ಫೋನಿಗೇ ಪ್ರಿಂಟರ್ ಕಾಣಲ್ಲ. ಉಲ್ಟಾ ಮಾಡಿ, ನೆಂಟ್ರನ್ನ, ಬಾಡಿಗೆಯವ್ರನ್ನ, ಟೀವೀನ ಗೆಸ್ಟ್‌ಗೆ ಕಳ್ಸಿ ಪ್ರಿಂಟರ್ ಮತ್ತೆ ನಿಮ್ಮ ಲ್ಯಾಪ್‌ಟಾಪ್ ಮೈನ್‌ನಲ್ಲಿ ಇರ್ಲಿ. ನಾನು ಮೈನ್ ಪಾಸ್‌ವರ್ಡ್ ಬದಲಾಯ್ಸಿ ಗೆಸ್ಟ್ ಪಾಸ್‌ವರ್ಡನ್ನ ಚೀಟೀಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೀನಿ, ಬಂದವ್ರು ನೋಡ್ಕೊಂಡು ಹಾಕ್ಕೊಳ್ತಾರೆ. ಇನ್ನೊಂದು, ಈ ಬೆಲೆಯ ಪ್ರಿಂಟರ್‌ಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯೋದು, ರೂಟರ್‌ನಲ್ಲಿ ಬರೀ ಡಬ್ಲ್ಯೂಪಿಎ3 (ವೈಫೈ ಸೆಕ್ಯುರಿಟಿಯ ಹೊಸ ಪದ್ಧತಿ) ಅಂತ ಇಟ್ರೆ ನಂದು ಕನೆಕ್ಟ್ ಆಗ್ಲೇ ಇಲ್ಲ, ಹಳೇ ಡಬ್ಲ್ಯೂಪಿಎ2 ಜೊತೆ ಮಿಕ್ಸ್ಡ್ ಇಟ್ಟಾಗ ಸರಿಹೋಯ್ತು. ಹೊಸದಾಗಿ ಮಾರೋ ಮಾಲಿಗೆ ಇದು ನಾಚಿಕೆಗೇಡು, ಅರ್ಧ ಸ್ಟಾರ್ ಅದಕ್ಕೇ ಕಟ್ ಮಾಡಿದೀನಿ.

ಈಮೇಲ್ ಪ್ರಿಂಟ್ ಅಂತ ಒಂದು ಫೀಚರ್ ಇದೆ, ಪ್ರಿಂಟರ್‌ಗೇ ಒಂದು ಈಮೇಲ್ ಐಡಿ ಕೊಡ್ತಾರೆ, ಅದಕ್ಕೆ ಮೇಲ್ ಹಾಕಿದ್ರೆ ಮನೇಲಿ ಪ್ರಿಂಟ್ ಬಂದಿರತ್ತೆ. ಊರಲ್ಲಿರೋ ಅಪ್ಪ ಪಹಣಿ ಕಳ್ಸೋಕೆ ಚೆನ್ನಾಗೇ ಇತ್ತು. ಆದ್ರೆ ಇದು ಕಂಪನಿ ಸರ್ವರ್ ಮೂಲಕ ಬರೋದ್ರಿಂದ ಮೇಲೆ ಹೇಳಿದ ರೂಟರ್, ಫೈರ್‌ವಾಲ್ ಯಾವುದೂ ಇದನ್ನ ತಡೆಯಲ್ಲ, ಆ ಐಡಿ ಗೊತ್ತಾದ್ರೆ ಸಾಕು. ಯಾರ್ಯಾರ ಮೇಲ್ ಒಪ್ಕೋಬೇಕು ಅನ್ನೋ ಪಟ್ಟಿ ಹಾಕೋ ಜಾಗ ಇದೆ, ಅಪ್ಪಂದು ನಂದು ಎರಡೇ ಹಾಕಿದೀನಿ. ಬಳ್ಸಲ್ಲ ಅನ್ನೋರು ಆ ಸರ್ವೀಸ್‌ನ ತೆಗೆದೇ ಬಿಡಿ.

ಫರ್ಮ್‌ವೇರ್ ಅಪ್‌ಡೇಟ್ ಆಟೋ ಇಟ್ಕೊಳಿ ಅಂತ ನಾನು ಹೇಳೋದು ಇಂಕ್‌ಟ್ಯಾಂಕ್ ಇರೋರಿಗೆ, ಬಾಟ್ಲಿಯಿಂದ ಸುರಿಯೋ ಇಂಕಿಗೆ ಕಂಪನಿದೇನಾ ಅಂತ ಗುರುತು ಹಿಡಿಯೋ ಚಿಪ್ ಗಿಪ್ ಇರಲ್ಲ. ಕಾರ್ಟ್ರಿಜ್ ಪ್ರಿಂಟರ್ ಇರೋರ ಕಷ್ಟ ಬೇರೆ, ಅಪ್‌ಡೇಟ್ ಆದ್ಮೇಲೆ ಲೋಕಲ್ ಕಾರ್ಟ್ರಿಜ್ ತಗೊಳ್ದೆ ಹೋಗೋದು ಇದೆ, ಎಚ್‌ಪಿಯವ್ರು ಅದಕ್ಕೆ ಡೈನಮಿಕ್ ಸೆಕ್ಯುರಿಟಿ ಅಂತ ಹೆಸರೇ ಇಟ್ಟಿದಾರೆ. ಇಂಕ್ ವ್ಯಾಪಾರಕ್ಕೂ ಸೆಕ್ಯುರಿಟಿಗೂ ಗಂಟು ಹಾಕಿದ್ರಿಂದ ಜನ ಅಪ್‌ಡೇಟೇ ಆಫ್ ಮಾಡ್ಕೊಂಡು ಕೂರ್ತಾರೆ, ಆಮೇಲೆ ನಿಜವಾದ ತೂತು ಮುಚ್ಚೋ ಅಪ್‌ಡೇಟೂ ಬರಲ್ಲ.

ಹಳೇ ಪ್ರಿಂಟರ್ ಕೊಡೋವಾಗ ಅಥ್ವಾ ಸರ್ವೀಸ್ ಸೆಂಟರ್‌ಗೆ ಬಿಡೋವಾಗ ಫ್ಯಾಕ್ಟರಿ ರೀಸೆಟ್ ಮಾಡಿ, ನಿಮ್ಮ ವೈಫೈ ಪಾಸ್‌ವರ್ಡ್ ಅದ್ರ ಹೊಟ್ಟೇಲಿ ಇರತ್ತೆ. 2023ರಲ್ಲಿ ಕ್ಯಾನನ್ ಸುಮಾರು 200 ಇಂಕ್‌ಜೆಟ್ ಮಾಡೆಲ್‌ಗಳಲ್ಲಿ ಮಾಮೂಲಿ ರೀಸೆಟ್‌ನಿಂದ ವೈಫೈ ಮಾಹಿತಿ ಅಳಿಸದೆ ಉಳೀಬಹುದು ಅಂತ ತಾನೇ ಹೇಳಿತ್ತು, ರೀಸೆಟ್ ಮಾಡಿ, ವೈಫೈ ಆನ್ ಮಾಡಿ, ಮತ್ತೊಂದ್ಸಲ ರೀಸೆಟ್ ಮಾಡಿ ಅನ್ನೋದು ಅವ್ರು ಕೊಟ್ಟ ಪರಿಹಾರ. ನಾನು ಹಳೇದನ್ನ ತಂಗಿ ಮಗನಿಗೆ ಕೊಡೋವಾಗ ಯಾವ್ದಕ್ಕೂ ಇರ್ಲಿ ಅಂತ ಹಾಗೇ ಮಾಡಿ ಕೊಟ್ಟೆ.

ಅಂಗಡಿಗೆ ಹೋಗೋರಿಗೆ ಒಂದು ಮಾತು, ಡೆಮೋ ಪೀಸ್ ಹತ್ರ ನಿಂತು ಫೋಟೋ ಪ್ರಿಂಟ್ ತೆಗೆದು ತೋರಿಸ್ತಾರೆ, ಅದರ ಜೊತೆ ನೆಟ್‌ವರ್ಕ್ ಶೀಟೂ ಒಂದು ಕೊಡಿ ಅನ್ನಿ. ವೈಫೈ ಡೈರೆಕ್ಟ್ ಆಫ್ ಮಾಡೋಕೆ ಬರತ್ತಾ, ವೆಬ್‌ಪೇಜಲ್ಲಿ ಪ್ರೋಟೋಕಾಲ್ ಒಂದೊಂದಾಗಿ ತೆಗ್ಯೋಕೆ ಬರತ್ತಾ, ಪುಟ್ಟ ಸ್ಕ್ರೀನ್ ಇರೋ ಮಾಡೆಲ್‌ಗೂ ಇಲ್ದೇ ಇರೋದಕ್ಕೂ ಎಷ್ಟು ವ್ಯತ್ಯಾಸ ಅಂತ ಕೇಳಿ. ನಂದ್ರಲ್ಲಿ ಸ್ಕ್ರೀನ್ ಇಲ್ಲ, ಬರೀ ಲೈಟುಗಳು, ವೈಫೈ ಡೈರೆಕ್ಟ್ ಆಫ್ ಆಯ್ತಾ ಇಲ್ವಾ ಅಂತ ಗೊತ್ತಾಗೋಕೆ ಮತ್ತೆ ಶೀಟ್ ಪ್ರಿಂಟ್ ಮಾಡೇ ನೋಡ್ಬೇಕು. ಒಂದೂವರೆ ಸಾವಿರ ಜಾಸ್ತಿ ಆದ್ರೂ ಸ್ಕ್ರೀನ್ ಇರೋದನ್ನೇ ತಗೊಳಿ.